ಒಬ್ಬರಿಗೆಂದೇ ಹಿದುಕಿದ ಬೇಳೆ

ಒಂಟಿಯಾಗಿರುವವರ ಅಡುಗೆಯ ಬಗ್ಗೆ ನಮ್ಮಲ್ಲಿ ಒಂದು ಗಟ್ಟಿ ನಂಬಿಕೆಯಿದೆ. ಒಬ್ಬರೇ ಇದ್ದಾರೆಂದರೆ ಅವರಿಗೆ ಚಿತ್ರಾನ್ನ, ಉಪ್ಪಿಟ್ಟು, ಒಂದು ಬೇಳೆಸಾರು ಸಾಕು. ಅದಕ್ಕಿಂತ ಹೆಚ್ಚಿನದೆಲ್ಲ ವೃಥಾ ಶ್ರಮ. ಹೋಳಿಗೆ, ಕಡುಬು, ಒತ್ತು ಶಾವಿಗೆ, ಹಿದುಕಿದ ಬೇಳೆ ಇವೆಲ್ಲ ಹತ್ತಾರು ಕೈಗಳಿರುವ, ಹತ್ತಾರು ಎಲೆಗಳು ಬೀಳುವ ಮನೆಗೆ ಸೇರಿದವು. ನನ್ನ ಕೆಲಸ ಕೋಲಾರದಲ್ಲಿ, ಮನೆಯವರು ಬೇರೆ ಬೇರೆ ಊರುಗಳಲ್ಲಿ. ಇಲ್ಲಿನ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಒಬ್ಬನೇ ನಿಂತು ಬೇಯಿಸಿಕೊಳ್ಳುತ್ತ ಬಂದಿರುವ ನನಗೆ ಈ ಲೆಕ್ಕವೇ ತಲೆಕೆಳಗಾಗಿದೆ ಎಂದು ದಿನದಿಂದ ದಿನಕ್ಕೆ ಹೆಚ್ಚು ಖಚಿತವಾಗುತ್ತಿದೆ. ಶ್ರಮದ ಅಡುಗೆಗೆ ಒಂಟಿಯಾಗಿರುವ ಕಾಲವೇ ತಕ್ಕ ಕಾಲ.

ಅದು ಹೇಗೆಂದರೆ, ಅಡುಗೆಯ ಕೆಲಸದಲ್ಲಿ ಎರಡು ಬಗೆಯಿದೆ. ಎಷ್ಟು ಜನ ಉಂಡರೂ ಅಷ್ಟೇ ಹೊತ್ತು ಬೇಡುವ ಕೆಲಸ ಒಂದು: ಕುಕ್ಕರ್ ಕೂಗಿಸುವುದು, ಒಲೆಯ ಮುಂದೆ ಕಾಯುವುದು, ಪಾತ್ರೆ ಉಜ್ಜುವುದು. ಇನ್ನೊಂದು, ಉಣ್ಣುವವರ ಸಂಖ್ಯೆಯೊಂದಿಗೇ ಬೆಳೆಯುವ ಕೆಲಸ: ಸುಲಿಯುವುದು, ಹಿದುಕುವುದು, ಲಟ್ಟಿಸುವುದು, ಮಡಿಸುವುದು, ಒಂದೊಂದಾಗಿ ಬೇಯಿಸುವುದು. ಮೊದಲ ಬಗೆಯ ಅಡುಗೆಯಲ್ಲಿ ಒಂಟಿ ಮನುಷ್ಯನಿಗೆ ನಿಜಕ್ಕೂ ನಷ್ಟವಿದೆ. ಒಬ್ಬನಿಗಾಗಿ ಬಿರಿಯಾನಿ ಮಾಡಿದರೂ ದಮ್ ಕಟ್ಟಲು ಅಷ್ಟೇ ಹೊತ್ತು ಬೇಕು, ಅಷ್ಟೇ ಪಾತ್ರೆ ಬೀಳುತ್ತವೆ. ಎರಡನೆಯ ಬಗೆಯಲ್ಲಿ ಮಾತ್ರ ಅವನು ರಾಜ. ಎಂಟು ಜನರಿಗೆ ಎರಡು ತಾಸು ಹಿಡಿಯುವ ಕೆಲಸ ಅವನಿಗೆ ಕಾಲು ತಾಸಿನಲ್ಲಿ ಮುಗಿಯುತ್ತದೆ. ವಿಚಿತ್ರವೆಂದರೆ, ನಮ್ಮ ಮನೆಗಳಿಂದ ಮರೆಯಾಗುತ್ತಿರುವ ಅಡುಗೆಗಳೆಲ್ಲ ಬಹುಪಾಲು ಈ ಎರಡನೆಯ ಬಗೆಯವೇ. ಅವನ್ನು ಬಿಟ್ಟುಕೊಟ್ಟದ್ದು ಕುಟುಂಬಗಳು. ಉಳಿಸಿಕೊಳ್ಳಲು ಸಾಧ್ಯವಿರುವವರು ಒಬ್ಬೊಬ್ಬರೇ ಇರುವವರು.

ಅವರೆಕಾಯಿಯನ್ನೇ ನೋಡಿ. ಡಿಸೆಂಬರ್, ಜನವರಿಯಲ್ಲಿ ಕೋಲಾರ ಸೀಮೆಯ ಯಾವ ಮಾರುಕಟ್ಟೆಗೆ ಹೋದರೂ ಅವರೆಯ ಸೊಗಡು ಮೂಗಿಗೆ ಬಡಿಯುತ್ತದೆ. ಇಬ್ಬನಿ ಬಿದ್ದ ಕಾಯಿಗೆ ಆ ಸೊಗಡು ಹೆಚ್ಚು ಎಂದು ಇಲ್ಲಿಯವರು ಕೈಗೆ ಅಂಟುವ ಜಿಡ್ಡನ್ನು ಮೂಸಿ ಕೊಳ್ಳುತ್ತಾರೆ. ಕಾಯಿ ಸುಲಿಯುವುದು ಮೊದಲ ಕೆಲಸ. ಒಂದು ಕೆಜಿ ಕಾಯಿಗೆ ಅರ್ಧ ಕೆಜಿ ಕಾಳೂ ದಕ್ಕುವುದಿಲ್ಲ. ಆ ಕಾಳನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಒಂದೊಂದನ್ನೇ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಮೂತಿಯ ಕಡೆಯನ್ನು ಹೊರಕ್ಕೆ ಮಾಡಿ ಒತ್ತಿದರೆ ಸಿಪ್ಪೆ ಬೆರಳಲ್ಲೇ ಉಳಿದು ತಿಳಿಹಸಿರು ಬೇಳೆ ಪುಟಕ್ಕನೆ ಬಟ್ಟಲಿಗೆ ಹಾರುತ್ತದೆ. ಹೆಚ್ಚು ಬಲಿತ ಕಾಳು ಹಟ ಹಿಡಿಯುತ್ತದೆ, ಎಳೆಯದು ನಜ್ಜುಗುಜ್ಜಾಗುತ್ತದೆ. ನಡುವಿನದು ಮಾತ್ರ ಇಡಿಯಾಗಿ ಹೊರಬರುತ್ತದೆ. ನನ್ನ ತಾಯಿಯ ಕಾಲದಲ್ಲಿ ಮನೆಯ ಹೆಂಗಸರು ಮೊರದ ತುಂಬ ಕಾಳು ಹಾಕಿಕೊಂಡು ಒಂದಿಡೀ ಮಧ್ಯಾಹ್ನ ಇದನ್ನೇ ಮಾಡುತ್ತಿದ್ದರು. ರಾತ್ರಿ ಊಟಕ್ಕೆ ಕೂತ ಗಂಡಸರು ಅದನ್ನು ಹತ್ತು ನಿಮಿಷದಲ್ಲಿ ಮುಗಿಸಿ ಏಳುತ್ತಿದ್ದರು. ಆ ಹೆಂಗಸರ ಮುಂದಿನ ತಲೆಮಾರು ಈ ಕೆಲಸವನ್ನು ಕೈಬಿಟ್ಟಿದ್ದರೆ, ಹಿದುಕಿದ್ದನ್ನೇ ಪ್ಯಾಕೆಟ್ಟಿನಲ್ಲಿ ಕೊಳ್ಳುತ್ತಿದ್ದರೆ, ಅದರಲ್ಲಿ ದೂರುವಂಥದ್ದೇನೂ ನನಗೆ ಕಾಣುವುದಿಲ್ಲ. ನನ್ನ ಪಾಲಿಗೆ ಬರುವುದು ಒಂದು ಹಿಡಿ ಬೇಳೆ ಮಾತ್ರ. ರೇಡಿಯೊದಲ್ಲಿ ವಾರ್ತೆ ಮುಗಿಯುವಷ್ಟರಲ್ಲಿ ಅದು ಮುಗಿದಿರುತ್ತದೆ. ಕಾಯಿತುರಿ, ಗಸಗಸೆ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಅರೆದು ಹಾಕಿದ ಆ ಸಾರಿಗೆ ರಾಗಿಮುದ್ದೆ ಮುರಿದು ಅದ್ದಿ ಉಣ್ಣುವಾಗ, ಒಂಟಿತನಕ್ಕೆ ಮರುಗುವವರ ಮಾತು ನೆನಪಾಗಿ ನಗು ಬರುತ್ತದೆ.

ಸಾಹಸ ಎಂದರೆ ದೂರದ ದೇಶದ ಅಡುಗೆಯೇ ಆಗಬೇಕಿಲ್ಲ ಎನ್ನುವುದಕ್ಕಾಗಿ ಅವರೆಯಿಂದ ಆರಂಭಿಸಿದೆ. ಆದರೆ ದೂರದ ಅಡುಗೆಯಲ್ಲೂ ಇದೇ ಲೆಕ್ಕ ನಡೆಯುತ್ತದೆ. ಇಟಲಿಯ ಹಿಮ್ಮಡಿಯ ಪ್ರಾಂತ್ಯವಾದ ಪುಲಿಯಾದಲ್ಲಿ ಒರೆಕ್ಕಿಯೆತ್ತೆ ಎಂಬ ಪಾಸ್ತಾ ಇದೆ. ರವೆ ಮತ್ತು ನೀರು ಎರಡೇ ಅದರ ಸಾಮಗ್ರಿ. ಮೊಟ್ಟೆಯಿಲ್ಲ, ಯಂತ್ರವೂ ಬೇಡ. ನಾದಿದ ಹಿಟ್ಟನ್ನು ಹಗ್ಗದ ಹಾಗೆ ಹೊಸೆದು, ಕಡಲೆಕಾಳಿನಷ್ಟು ತುಂಡು ಮಾಡಿ, ಮೊಂಡು ಚಾಕುವಿನಿಂದ ಮಣೆಯ ಮೇಲೆ ಎಳೆದು, ಸುರುಳಿಯಾದದ್ದನ್ನು ಹೆಬ್ಬೆರಳಿನ ಮೇಲೆ ಮಗುಚಿದರೆ ಸಣ್ಣ ಕಿವಿಯ ಆಕಾರ ಬರುತ್ತದೆ. ನಮ್ಮ ಕಡೆಯ ತೆಲುಗು ಮನೆಗಳಲ್ಲಿ ಗವ್ವಲು ಮಾಡುವವರಿಗೆ ಈ ಬೆರಳಿನ ಚಲನೆ ಹೊಸದಲ್ಲ. ನಾಲ್ಕು ಜನರಿಗೆ ಇದನ್ನು ಮಾಡುವವರಿಗೆ ಸೊಂಟ ಹಿಡಿಯುತ್ತದೆ. ಒಬ್ಬನಿಗಾದರೆ ಐವತ್ತರವತ್ತು ಕಿವಿಗಳು, ಅಷ್ಟೇ. ನಾನು ಚಿರೋಟಿ ರವೆಯನ್ನು ಬಿಸಿನೀರಿನಲ್ಲಿ ಕಲೆಸಿ, ಅರ್ಧ ತಾಸು ಒದ್ದೆ ಬಟ್ಟೆಯ ಕೆಳಗಿಟ್ಟು ನಾದುತ್ತೇನೆ. ಪುಲಿಯಾದವರು ಇದನ್ನು ಕಹಿ ಸೊಪ್ಪಿನ ಜೊತೆ ಉಣ್ಣುತ್ತಾರೆ. ಆ ಸೊಪ್ಪು ಸಾಸಿವೆ, ಮೂಲಂಗಿಗಳ ಬಳಗದ್ದು. ನನಗೆ ಮೂಲಂಗಿ ಸೊಪ್ಪು ಸಿಗುತ್ತದೆ, ಅದೂ ಪುಕ್ಕಟೆಯಾಗಿ. ಮೂಲಂಗಿ ಕೊಂಡವರು ಸೊಪ್ಪನ್ನು ಅಂಗಡಿಯಲ್ಲೇ ಮುರಿದು ಬಿಟ್ಟುಹೋಗುತ್ತಾರೆ. ಸೊಪ್ಪು ಬೆಂದ ನೀರಿನಲ್ಲೇ ಪಾಸ್ತಾ ಬೇಯಿಸಿ, ಕಡಲೆಕಾಯಿ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ, ಮುರಿದ ಒಣಮೆಣಸಿನಕಾಯಿ ಹಾಕಿ, ಆ ನೀರನ್ನೇ ಒಂದು ಸೌಟು ಸುರಿದು ಕಲೆಸುವುದು. ಬೇಯಿಸಿದ ನೀರನ್ನು ಚೆಲ್ಲಬಾರದೆಂಬ ವಿವೇಕವನ್ನು ಬಸ್ಸಾರು ಮಾಡುವ ಸೀಮೆಯವರಿಗೆ ಯಾರೂ ಇಟಲಿಯಿಂದ ಬಂದು ಕಲಿಸಬೇಕಾಗಿಲ್ಲ.

ಹಾಗೆಂದು ಎಲ್ಲ ಪಾಕವನ್ನೂ ನಾಲ್ಕರಿಂದಲೋ ಎಂಟರಿಂದಲೋ ಭಾಗಿಸಿಬಿಟ್ಟರೆ ಒಬ್ಬರ ಅಡುಗೆ ಆಗುವುದಿಲ್ಲ. ಪಾತ್ರೆಯ ಅಗಲ ಎತ್ತರಗಳನ್ನು ಅರ್ಧ ಮಾಡಿದರೆ ಅದರಲ್ಲಿ ಹಿಡಿಯುವ ಸಾರು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಆವಿಯಾಗುವ ಬಾಯಿ ಮಾತ್ರ ನಾಲ್ಕನೆಯ ಒಂದು ಪಾಲಿಗಷ್ಟೇ ಇಳಿಯುತ್ತದೆ. ಅಂದರೆ ಸಣ್ಣ ಪಾತ್ರೆಯ ಸಾರು ಬೇಗ ಬತ್ತುತ್ತದೆ, ಉಪ್ಪು ಏರುತ್ತದೆ. ಆದ್ದರಿಂದ ನೀರು ಲೆಕ್ಕಕ್ಕಿಂತ ಹೆಚ್ಚು, ಉಪ್ಪು ಕೊನೆಯಲ್ಲಿ. ಒಗ್ಗರಣೆಗೆ ಎಣ್ಣೆಯೂ ಅಷ್ಟೆ. ಸಾಸಿವೆ ಮುಳುಗಿ ಸಿಡಿಯುವಷ್ಟು ಇರಲೇಬೇಕು, ಅದಕ್ಕಿಂತ ಕಡಿಮೆ ಮಾಡಿದರೆ ಸಾಸಿವೆ ಸಿಡಿಯುವ ಮೊದಲೇ ಸೀಯುತ್ತದೆ. ಎರಡು ಚಮಚ ಮಸಾಲೆ ಮಿಕ್ಸಿಯ ಬ್ಲೇಡಿಗೆ ತಾಗುವುದೇ ಇಲ್ಲ, ಗೋಡೆಗೆ ಅಂಟಿ ಕೂರುತ್ತದೆ. ಒಂಟಿ ಮನೆಗೆ ಮಿಕ್ಸಿಗಿಂತ ಮೊದಲು ಬೇಕಾದದ್ದು ಕಲ್ಲಿನ ಒಂದು ಪುಟ್ಟ ಕುಟ್ಟಾಣಿ. ಅದರಲ್ಲಿ ಅರ್ಧ ಲವಂಗವನ್ನೂ ಕುಟ್ಟಬಹುದು. ಸಣ್ಣ ಬಟ್ಟಲಿನ ಹಿಟ್ಟು ತನ್ನ ಬಿಸಿಯನ್ನು ಬೇಗ ಕಳೆದುಕೊಳ್ಳುವುದರಿಂದ ಚಳಿಗಾಲದಲ್ಲಿ ಹುಳಿ ಬರುವುದೂ ತಡ.

ಹುಳಿ ಬರಿಸುವ ಮಾತು ಬಂದದ್ದರಿಂದ, ನನಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟಿರುವ ಅಡುಗೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು.

ಇಥಿಯೋಪಿಯಾದಲ್ಲಿ ತೆಫ್ ಎಂಬ, ರಾಗಿಗಿಂತಲೂ ಸಣ್ಣ ಕಾಳಿನ ಧಾನ್ಯವಿದೆ. ಅದರ ಹಿಟ್ಟನ್ನು ಕಲೆಸಿ ಎರಡು ಮೂರು ದಿನ ಹುಳಿ ಬರಿಸಿ, ಮಿತಾದ್ ಎಂಬ ದೊಡ್ಡ ಹೆಂಚಿನ ಮೇಲೆ ಹುಯ್ದು ಮಾಡುವ ಮೆತ್ತನೆಯ ರೊಟ್ಟಿಗೆ ಇಂಜೆರಾ ಎನ್ನುತ್ತಾರೆ. ತೆಫ್ ಕೋಲಾರದಲ್ಲಿ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ಸೀಮೆ; ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಅದು ನಮ್ಮ ಕಡೆಗೆ ಬಂದಿತು. ಇಥಿಯೋಪಿಯಾದಲ್ಲಿ ಇವತ್ತಿಗೂ ರಾಗಿ ಬೆಳೆಯುತ್ತಾರೆ, ದಗುಸ್ಸ ಎಂದು ಕರೆಯುತ್ತಾರೆ, ಇಂಜೆರಾಕ್ಕೂ ಬಳಸುತ್ತಾರೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ದುಡಿದ, ಜನ ರಾಗಿ ಲಕ್ಷ್ಮಣಯ್ಯ ಎಂದೇ ಕರೆದ ವಿಜ್ಞಾನಿ, ಆಫ್ರಿಕಾದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಅವು ನಮ್ಮ ಹೊಲಗಳ ಇಳುವರಿಯನ್ನೇ ಬದಲಿಸಿದವು. ಹೀಗಿರುವಾಗ ಕೋಲಾರದ ರಾಗಿಹಿಟ್ಟಿನಲ್ಲಿ ಇಂಜೆರಾ ಮಾಡುವುದನ್ನು ಬೆರಕೆ ಅಡುಗೆ ಎಂದು ಯಾರಾದರೂ ಹೀಗಳೆದರೆ ನಾನು ಒಪ್ಪುವುದಿಲ್ಲ. ಮುದ್ದೆಯ ಮೇಲೆ ಚೀಸ್ ಸುರಿಯುವುದು, ರಾಗಿ ಮಂಚೂರಿ ಮಾಡುವುದು, ಅದು ಬೆರಕೆ. ಅಂಥದ್ದನ್ನು ತಿನ್ನಬೇಡಿ ಎಂದು ನಾನು ಹೇಳುವುದಿಲ್ಲ, ಆದರೆ ಅದರಲ್ಲಿ ಸಾಹಸವೂ ಇಲ್ಲ.

ರಾಗಿ ಇಂಜೆರಾದ ಕಷ್ಟವೆಲ್ಲ ಇರುವುದು ಅಂಟಿನಲ್ಲಿ. ಗೋಧಿಯಲ್ಲಿರುವ ಅಂಟು ರಾಗಿಯಲ್ಲಿಲ್ಲ. ಬರೀ ಹುಳಿ ಹಿಟ್ಟನ್ನು ಹುಯ್ದರೆ ಬಿರುಕು ಬಿಟ್ಟು ಏಳುತ್ತದೆ. ಇಥಿಯೋಪಿಯಾದವರು ಇದಕ್ಕೆ ಕಂಡುಕೊಂಡ ಉಪಾಯದ ಹೆಸರು ಅಬ್ಸಿತ್. ಹುಳಿ ಬಂದ ಹಿಟ್ಟಿನಿಂದ ಒಂದು ಪಾಲು ತೆಗೆದು, ನೀರು ಬೆರೆಸಿ, ಒಲೆಯ ಮೇಲೆ ಗಂಜಿ ಕಾಯಿಸಿ, ಆರಿಸಿ, ಮತ್ತೆ ಅದೇ ಹಿಟ್ಟಿಗೆ ಕೂಡಿಸುತ್ತಾರೆ. ಪಿಷ್ಟ 70 ಡಿಗ್ರಿಯ ಆಸುಪಾಸಿನಲ್ಲಿ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಆ ಬೆಂದ ಪಾಲು ಬೇಯದ ಪಾಲನ್ನು ಹಿಡಿದಿಡುತ್ತದೆ. ಇದನ್ನು ಓದಿದಾಗ ನನಗೆ ತಟ್ಟನೆ ಹೊಳೆದದ್ದು ಮುದ್ದೆಯ ಎಸರು. ಮುದ್ದೆ ಮಾಡುವವರು ಎಸರಿಗೆ ಮೊದಲು ಒಂದಿಷ್ಟು ಹಿಟ್ಟು ಕದಡಿ ತೆಳ್ಳನೆಯ ಗಂಜಿ ಕುದಿಸುತ್ತಾರೆ, ಉಳಿದ ಹಿಟ್ಟನ್ನು ಆಮೇಲೆ ಸುರಿದು ಕೋಲಿನಿಂದ ತಿರುವುತ್ತಾರೆ. ಯಾಕೆಂದು ಕೇಳಿದರೆ ಗಂಟಾಗದಿರಲೆಂದು ಎನ್ನುತ್ತಾರೆ. ಆ ಗಂಜಿ ಮಾಡುವ ಕೆಲಸವೂ ಹಿಡಿದಿಡುವುದೇ. ಅಂಟಿಲ್ಲದ ಧಾನ್ಯವನ್ನು ನಂಬಿದ ಎರಡು ನಾಡುಗಳು ಒಂದೇ ಪ್ರಶ್ನೆಗೆ ಒಂದೇ ಉತ್ತರ ಕಂಡುಕೊಂಡಿವೆ.

ನನ್ನ ಅಳತೆ ಹೀಗಿದೆ. ಒಂದು ಲೋಟ ರಾಗಿಹಿಟ್ಟಿಗೆ ಒಂದೂವರೆ ಲೋಟ ನೀರು, ಹಿಂದಿನ ಸಲದ ಹಿಟ್ಟಿನ ಮೇಲೆ ನಿಂತ ಹುಳಿನೀರು ಎರಡು ಚಮಚ. ಬೇಸಗೆಯಲ್ಲಿ ಒಂದೂವರೆ ದಿನಕ್ಕೆ ಹದ ಬರುತ್ತದೆ, ಚಳಿಯಲ್ಲಿ ಮೂರು ದಿನ ಬೇಕು. ಮೇಲೆ ತಿಳಿನೀರು ನಿಂತು, ಕೆಳಗೆ ಹಿಟ್ಟು ಕೂತು, ಮೂಗಿಗೆ ಅಂಬಲಿಯ ವಾಸನೆ ಬಂದಾಗ ತಿಳಿಯನ್ನು ಬಸಿದು ಮುಂದಿನ ಸಲಕ್ಕೆ ಎತ್ತಿಡಬೇಕು. ಹಿಟ್ಟಿನ ಆರನೆಯ ಒಂದು ಪಾಲನ್ನು ಗಂಜಿ ಮಾಡಿ ಆರಿಸಿ ಕೂಡಿಸಿ, ಮತ್ತೆ ಒಂದೆರಡು ತಾಸು ಬಿಟ್ಟರೆ ಮೇಲೆ ಗುಳ್ಳೆ ಏಳುತ್ತದೆ. ಕಾವಲಿಯ ಮೇಲೆ ಹುಯ್ಯುವ ಕ್ರಮ ಮಾತ್ರ ದೋಸೆಗೆ ತದ್ವಿರುದ್ಧ. ನಾವು ದೋಸೆಯನ್ನು ನಡುವೆ ಸುರಿದು ಹೊರಕ್ಕೆ ಹರಡುತ್ತೇವೆ. ಇಂಜೆರಾವನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬಂದು ಮುಗಿಸಬೇಕು, ಸೌಟು ತಾಗಿಸಬಾರದು. ಹುಯ್ದ ಅರೆಕ್ಷಣದಲ್ಲಿ ಮೈಯೆಲ್ಲ ಸಣ್ಣ ತೂತು ಬೀಳತೊಡಗುತ್ತವೆ. ಅವು ಪೂರ್ತಿ ಬಿದ್ದ ಮೇಲೆಯೇ ಮುಚ್ಚಳ ಹಾಕಬೇಕು. ಮಗುಚುವ ಹಾಗಿಲ್ಲ. ಅಂಚು ತಾನಾಗಿ ಕಾವಲಿ ಬಿಟ್ಟಾಗ ಬಟ್ಟೆಯ ಮೇಲೆ ಜಾರಿಸಿ ಪೂರ್ತಿ ಆರಲು ಬಿಡಬೇಕು. ಬಿಸಿಯಾಗಿರುವಾಗ ಒಂದರ ಮೇಲೊಂದು ಇಟ್ಟರೆ ಅಂಟಿಕೊಳ್ಳುತ್ತವೆ.

ಇದರ ಜೊತೆಗೆ ಶಿರೋ ಮಾಡುತ್ತೇನೆ. ಇಥಿಯೋಪಿಯಾದ ಸಾಂಪ್ರದಾಯಿಕ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ದೀರ್ಘ ಉಪವಾಸಗಳಲ್ಲಿ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಆದ್ದರಿಂದ ಅಲ್ಲಿ ಬೇಳೆಕಾಳಿನ ಅಡುಗೆ ಬಹಳ ಬೆಳೆದಿದೆ. ಶಿರೋ ಎಂದರೆ ಹುರಿದ ಕಡಲೆಯ ಹಿಟ್ಟನ್ನು ಈರುಳ್ಳಿ, ಖಾರದ ಪುಡಿಯಲ್ಲಿ ಕುದಿಸಿದ ಗಟ್ಟಿ ಗೊಜ್ಜು. ಈರುಳ್ಳಿಯನ್ನು ಅವರು ಮೊದಲು ಎಣ್ಣೆಯಿಲ್ಲದೆ, ಬರೀ ಪಾತ್ರೆಯಲ್ಲಿ, ತನ್ನ ನೀರಿನಲ್ಲೇ ಕರಗುವ ತನಕ ಬಾಡಿಸುತ್ತಾರೆ. ಎಣ್ಣೆ ಬೀಳುವುದು ಆಮೇಲೆ. ಒಬ್ಬನಿಗೆ ಎರಡು ಈರುಳ್ಳಿ ಸಾಕಾಗುವುದರಿಂದ ಈ ತಾಳ್ಮೆಯೂ ದುಬಾರಿಯೆನಿಸುವುದಿಲ್ಲ. ಬರ್ಬೆರೆ ಎಂಬ ಅವರ ಖಾರದ ಪುಡಿಗೆ ಬ್ಯಾಡಗಿ ಮೆಣಸಿನಕಾಯಿ, ಮೆಂತ್ಯ, ಓಮ, ಏಲಕ್ಕಿ, ಒಣಶುಂಠಿ, ಕೊತ್ತಂಬರಿ ಬೀಜ ಹಾಕಿದರೆ ಸಾಕಷ್ಟು ಹತ್ತಿರ ಬರುತ್ತದೆ.

ಮಹಡಿಯ ಕೆಳಗೆ ಮನೆಯ ಯಜಮಾನರ ತಾಯಿ ಇದ್ದಾರೆ. ಈ ಸೀಮೆಯಲ್ಲಿ ಕುಶಲ ವಿಚಾರಿಸುವುದೆಂದರೆ ಏನು ಸಾರು ಎಂದು ಕೇಳುವುದು. ಅವರು ಮೆಟ್ಟಿಲ ಕೆಳಗೆ ನಿಂತು ದಿನವೂ ಕೇಳುತ್ತಾರೆ. ಒಂದು ಇಂಜೆರಾವನ್ನೂ ಶಿರೋವನ್ನೂ ತಟ್ಟೆಯಲ್ಲಿ ಹಾಕಿ ಕೊಟ್ಟೆ. ಅವರು ಅಂಚು ಮುರಿದು ಬಾಯಿಗೆ ಹಾಕಿಕೊಂಡು, "ಹುಳಿ ಬಂದಿರೋ ರಾಗಿ ದೋಸೆ ಅಲ್ವೇನಪ್ಪ ಇದು? ಮಗುಚಿ ಹಾಕೋದು ಮರೆತಿದೀಯ ಅಷ್ಟೆ," ಎಂದರು. ಶಿರೋವನ್ನು ಪಕ್ಕಕ್ಕೆ ಸರಿಸಿ, ಒಳಗೆ ಹೋಗಿ ಹುಚ್ಚೆಳ್ಳು ಚಟ್ನಿಪುಡಿ ತಂದು, ಅದರ ಜೊತೆ ಪೂರ್ತಿ ಮುಗಿಸಿದರು. ಅವರಿಗೆ ಗೊತ್ತಿಲ್ಲದೆಯೇ ಅವರ ನಾಲಿಗೆ ಸರಿಯಾದ ಜಾಗಕ್ಕೇ ಹೋಗಿತ್ತು: ಹುಚ್ಚೆಳ್ಳಿನ ತವರೂ ಇಥಿಯೋಪಿಯಾವೇ, ಅಲ್ಲಿ ಇಂದಿಗೂ ಅದು ಮುಖ್ಯ ಎಣ್ಣೆಕಾಳು. ಅಂದಿನಿಂದ ನಾನೂ ಶಿರೋದ ಮೇಲೆ ಒಂದು ಚಿಟಿಕೆ ಹುಚ್ಚೆಳ್ಳು ಪುಡಿ ಉದುರಿಸುತ್ತೇನೆ.

ಕೋಲಾರದಲ್ಲಿದ್ದು ಟೊಮೆಟೊ ಬಗ್ಗೆ ಬರೆಯದಿದ್ದರೆ ಹೇಗೆ? ಇಲ್ಲಿನ ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊ 15 ಕೆಜಿಯ ಬಾಕ್ಸಿನ ಲೆಕ್ಕದಲ್ಲಿ ಹರಾಜಾಗುತ್ತದೆ, ಲಾರಿಗಳಲ್ಲಿ ಉತ್ತರದ ರಾಜ್ಯಗಳಿಗೆಲ್ಲ ಹೋಗುತ್ತದೆ. 2023ರ ಜುಲೈನಲ್ಲಿ ಅದೇ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಬೆಲೆ ಬಿದ್ದ ವರ್ಷಗಳಲ್ಲಿ ಕಿತ್ತ ಕೂಲಿಯೂ ಹುಟ್ಟದೆ ರೈತರು ರಸ್ತೆ ಬದಿಗೆ ಸುರಿದದ್ದನ್ನು ಎಲ್ಲರೂ ನೋಡಿದ್ದೇವೆ. ಬೆಲೆ ತೀರಾ ಕುಸಿದಿದ್ದ ಒಂದು ಮಾರ್ಚ್ ತಿಂಗಳಲ್ಲಿ ಪರಿಚಯದ ರೈತರೊಬ್ಬರಿಂದ ಒಂದು ಬಾಕ್ಸು ಹಣ್ಣನ್ನು ತಂದೆ. ಒಬ್ಬ ಮನುಷ್ಯನಿಗೆ 15 ಕೆಜಿ ಟೊಮೆಟೊ ಎಂದರೆ ನಗುವವರೇ ಹೆಚ್ಚು. ಆದರೆ ಟೊಮೆಟೊದಲ್ಲಿ ನೂರಕ್ಕೆ 94-95 ಪಾಲು ನೀರು. ಅದನ್ನು ತೆಗೆದರೆ ಉಳಿಯುವುದು ಒಬ್ಬನಿಗೆ ಹೆಚ್ಚೇನಲ್ಲ. ಸಿಸಿಲಿಯ ಹೆಂಗಸರು ಇದನ್ನು ಬಿಸಿಲಿನಿಂದಲೇ ಮಾಡುತ್ತಾರೆ: ಹಣ್ಣನ್ನು ಬೇಯಿಸಿ, ಸಿಪ್ಪೆ ಬೀಜ ಸೋಸಿ, ಉಪ್ಪು ಹಾಕಿ, ಮರದ ಹಲಗೆಗಳ ಮೇಲೆ ಹರಡಿ ದಿನಗಟ್ಟಲೆ ಒಣಗಿಸಿದ ಆ ಲೇಹಕ್ಕೆ ಎಸ್ತ್ರಾತ್ತೊ ಎಂದು ಹೆಸರು. ಸಂಡಿಗೆ ಇಡುವ ಸೀಮೆಯವನಿಗೆ ಇದರಲ್ಲಿ ಹೊಸತೇನಿದೆ? ಮಾರ್ಚ್ ಬಿಸಿಲಿನ ತಾರಸಿ, ಸ್ಟೀಲ್ ತಟ್ಟೆಗಳು, ಮೇಲೊಂದು ತೆಳು ಪಂಚೆ. ಸಂಜೆ ಒಳಗೆ ತಂದು, ಬೆಳಿಗ್ಗೆ ಮಗುಚಿ ಮತ್ತೆ ಹರಡಬೇಕು. ಮೊದಲ ದಿನ ಕೆಂಪು, ಎರಡನೆಯ ದಿನ ಇಟ್ಟಿಗೆಯ ಬಣ್ಣ, ಕೊನೆಗೆ ಕರಿಗೆಂಪಾಗಿ, ಹುಣಸೆಹಣ್ಣಿನ ಉಂಡೆಯ ಹಾಗೆ ಕೈಯಲ್ಲಿ ನಿಲ್ಲುತ್ತದೆ. ಬಾಟಲಿಗೆ ಒತ್ತಿ ತುಂಬಿ, ಮೇಲೆ ಎಣ್ಣೆ ನಿಲ್ಲಿಸಿ, ಫ್ರಿಜ್ಜಿನಲ್ಲಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ.

ಟೊಮೆಟೊದ ರುಚಿಯ ಗುಟ್ಟು ಹುಳಿಯಲ್ಲಷ್ಟೇ ಇಲ್ಲ. ಜಪಾನಿನ ಕಿಕುನಾಯೆ ಇಕೆಡಾ 1908ರಲ್ಲಿ ಕಡಲ ಪಾಚಿಯ ಸಾರಿನಿಂದ ಗ್ಲುಟಮೇಟನ್ನು ಬೇರ್ಪಡಿಸಿ, ಸಿಹಿ, ಹುಳಿ, ಉಪ್ಪು, ಕಹಿಗಳಲ್ಲದ ಇನ್ನೊಂದು ರುಚಿಯಿದೆ ಎಂದು ತೋರಿಸಿದರು. ಹಣ್ಣಾದ ಟೊಮೆಟೊದಲ್ಲಿ ಅದೇ ಗ್ಲುಟಮೇಟ್ ಧಾರಾಳವಾಗಿದೆ. ಒಣಗಿಸಿದಾಗ ಅದು ಮಡುಗಟ್ಟುತ್ತದೆ. ಈ ಲೇಹದ ಗೋಲಿಯಷ್ಟನ್ನು ಹುರುಳಿಕಟ್ಟಿಗೆ ಕದಡಿದರೆ ಮಾಂಸದ ಸಾರನ್ನು ಬದಿಗಿಟ್ಟು ಅದನ್ನೇ ಕುಡಿಯಬೇಕೆನಿಸುತ್ತದೆ. ಹುರುಳಿ ಬೇಯಿಸಿ ಬಸಿದ ಕಟ್ಟು, ಅದಕ್ಕೆ ಟೊಮೆಟೊ ಲೇಹ, ಜಜ್ಜಿದ ಶುಂಠಿ, ಒರಳಿನಲ್ಲಿ ಒತ್ತಿದ ರಾಗಿ ಶಾವಿಗೆ, ಮೇಲೊಂದು ಅರೆಬೆಂದ ಮೊಟ್ಟೆ, ಒಣಮೆಣಸಿನಕಾಯಿ ಕಾಯಿಸಿದ ಎಣ್ಣೆ: ನನ್ನ ಶನಿವಾರದ ರಾತ್ರಿಗಳ ಊಟ ಬಹುಪಾಲು ಇದೇ. ರಾಮೆನ್ ಎಂಬ ಜಪಾನೀ ಶಾವಿಗೆ ಸಾರನ್ನು ನೋಡಿ ಕಲಿತದ್ದು ನಿಜ, ಆದರೆ ಅದರಲ್ಲಿ ಜಪಾನಿನಿಂದ ಬಂದದ್ದು ಬಟ್ಟಲಿನ ಕಲ್ಪನೆ ಮಾತ್ರ.

ಹೊರಗಿನದನ್ನು ಬೇಯಿಸಿ ತನ್ನದಾಗಿಸಿಕೊಳ್ಳುವುದು ಈ ಜಿಲ್ಲೆಗೂ ಹೊಸತಲ್ಲ. ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ತೆಂಗಿನ ಹಾಲಿನ ಹಳದಿ ಅನ್ನ, ಖೈಮಾ ಉಂಡೆಗಳ ಸಾರು ಭಾನುವಾರದ ಊಟವಾಗಿತ್ತು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಆ ಅಡುಗೆಮನೆಗಳು ಬಹುಪಾಲು ಚದುರಿಹೋದವು.

ಒಂಟಿ ಅಡುಗೆಯಲ್ಲಿ ಕೊರತೆಯೇ ಇಲ್ಲವೆಂದೇನೂ ಅಲ್ಲ. ಮುಖ್ಯ ಕೊರತೆಯೆಂದರೆ ಎರಡನೆಯ ನಾಲಿಗೆ ಇಲ್ಲದಿರುವುದು. ತಾನೇ ಮಾಡಿ ತಾನೇ ಉಂಡರೆ ಉಪ್ಪು ಖಾರಗಳು ತನಗರಿವಿಲ್ಲದೆ ಒಂದೇ ಕಡೆಗೆ ಜರುಗುತ್ತ ಹೋಗುತ್ತವೆ, ಹೇಳುವವರಿರುವುದಿಲ್ಲ. ಕೆಳಗಿನ ಮನೆಯ ಅಜ್ಜಿಗೆ ಆಗಾಗ ತಟ್ಟೆ ಇಳಿಯುವುದು ಔದಾರ್ಯದಿಂದಲ್ಲ, ಈ ಕಾರಣದಿಂದ. ಎರಡನೆಯದು ಎಚ್ಚರಿಕೆಯ ಮಾತು. ಹಾಳಾದರೆ ಹೋಗುವುದು ಒಂದು ಹೊತ್ತಿನ ಊಟ ಎಂಬ ಧೈರ್ಯ ರುಚಿಯ ವಿಷಯದಲ್ಲಿ ಸರಿ, ಆರೋಗ್ಯದ ವಿಷಯದಲ್ಲಿ ಅಲ್ಲ. ರಾಜ್ಮಾ ಕಾಳನ್ನು ನೆನೆಸಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸದೆ ತಿನ್ನಬಾರದು; ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಫ್ರಿಜ್ಜಿನ ಹೊರಗೆ ಇಡಬಾರದು, ಗಾಳಿಯಿಲ್ಲದ ಕಡೆ ಬೊಟುಲಿಸಮ್‌ನ ವಿಷ ಹುಟ್ಟಬಹುದು, ಅದಕ್ಕೆ ವಾಸನೆಯೂ ಇರಬೇಕಾಗಿಲ್ಲ. ರಾತ್ರಿ ಹೊಟ್ಟೆ ಕೆಟ್ಟರೆ ನೀರು ಕೊಡಲು ಮನೆಯಲ್ಲಿ ಇನ್ನೊಬ್ಬರಿಲ್ಲ ಎಂಬುದನ್ನು ಒಂಟಿ ಅಡುಗೆಯವರು ನೆನಪಿಟ್ಟುಕೊಳ್ಳಬೇಕು.

ಈಗ ಮಳೆ ಹಿಡಿದಿದೆ, ಬೆರಕೆ ಸೊಪ್ಪಿನ ಕಾಲ. ಹೊಲದ ಬದುಗಳಲ್ಲಿ, ರಾಗಿ ಪೈರಿನ ನಡುವೆ ತಾವಾಗಿ ಹುಟ್ಟಿದ ಅಣ್ಣೆ, ಕನ್ನೆ, ಗಣಿಕೆ, ಹೊನಗನ್ನೆ, ಗೋಣಿ ಸೊಪ್ಪುಗಳನ್ನು ಹಳ್ಳಿಯ ಹೆಂಗಸರು ಒಟ್ಟಿಗೆ ಕಿತ್ತು ತಂದು ಗುಡ್ಡೆ ಹಾಕಿ ಮಾರುತ್ತಾರೆ. ಎಲ್ಲವನ್ನೂ ತೊಗರಿಬೇಳೆಯೊಂದಿಗೆ ಬೇಯಿಸಿ ಮಸೆದರೆ ಮಸ್ಸೊಪ್ಪು, ಬಸಿದರೆ ಬಸ್ಸಾರು. ಉಣ್ಣುತ್ತ ಬೆಳೆದವನಾದರೂ ಇವುಗಳಲ್ಲಿ ಯಾವುದರ ರುಚಿ ಯಾವುದು ಎಂಬುದು ನನಗೆ ತಿಳಿದಿರಲಿಲ್ಲ, ಏಕೆಂದರೆ ಬಾಯಿಗೆ ಬರುತ್ತಿದ್ದದ್ದು ಯಾವಾಗಲೂ ಬೆರಕೆಯೇ. ಸೊಪ್ಪು ಮಾರುವ ತಾಯಿಯನ್ನು ಬೇರೆ ಬೇರೆಯಾಗಿ ಆರಿಸಿ ಕೊಡುವಿರಾ ಎಂದು ಕೇಳಿದಾಗ ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಬೇರೆ ಮಾಡಿದ್ರೆ ಅದು ಬೆರಕೆ ಸೊಪ್ಪು ಹೆಂಗಾಗ್ತದಣ್ಣ? ಒಬ್ರಿಗೆ ತಾನೆ, ನೀನೇ ಕೂತ್ಕೊಂಡು ಆರಿಸ್ಕೊ," ಎಂದು ಗುಡ್ಡೆಯನ್ನು ನನ್ನ ಕಡೆಗೆ ತಳ್ಳಿದರು. ಹಾಗೆಯೇ ಆರಿಸಿ ತಂದು, ಒಂದೊಂದು ಹಿಡಿಯನ್ನು ಸಣ್ಣ ಬಟ್ಟಲುಗಳಲ್ಲಿ ಬರೀ ಉಪ್ಪು ಹಾಕಿ ಬೇಯಿಸಿ, ಒಂದಾದ ಮೇಲೊಂದು ತಿಂದು ನೋಡಿದೆ. ತುಂಬಿದ ಮನೆಯಲ್ಲಿ ಹೀಗೆ ಮಾಡಲು ಯಾರೂ ಬಿಡುತ್ತಿರಲಿಲ್ಲ. ಅಣ್ಣೆ ಸೊಪ್ಪು ಮೆದು, ಹೆಚ್ಚು ಮಾತಿಲ್ಲದ ಸೊಪ್ಪು. ಕನ್ನೆಯಲ್ಲಿ ಸ್ವಲ್ಪ ಲೋಳೆಯಿದೆ, ಮಸ್ಸೊಪ್ಪಿಗೆ ಗಟ್ಟಿತನ ಬರುವುದು ಅದರಿಂದಲೇ ಇರಬೇಕು. ಗಣಿಕೆಯ ಕಹಿ ನುಂಗಿದ ಮೇಲೆ ತಿಳಿಯುತ್ತದೆ. ಹೊನಗನ್ನೆ ಎಲ್ಲಕ್ಕಿಂತ ನಾರು.

ಗೋಣಿ ಸೊಪ್ಪು, ತೆಲುಗಿನವರ ಗಂಗವಾಯಿಲಿ, ಬೇಯಿಸುವುದೇ ಬೇಡದ ಸೊಪ್ಪು. ತುರ್ಕಿಯವರು ಇದರ ದಪ್ಪ ಎಲೆಗಳನ್ನು ಹಸಿಯಾಗಿಯೇ ಗಟ್ಟಿ ಮೊಸರು, ಜಜ್ಜಿದ ಬೆಳ್ಳುಳ್ಳಿಯಲ್ಲಿ ಕಲೆಸುತ್ತಾರೆ, ನಾನೂ ಅದನ್ನೇ ಮಾಡಿ ಮುದ್ದೆಯ ಪಕ್ಕಕ್ಕೆ ಹಾಕಿಕೊಳ್ಳುತ್ತಿದ್ದೇನೆ. ಇದರ ಹುಳಿ ಮ್ಯಾಲಿಕ್ ಆಮ್ಲದ್ದು. ನೀರಿನ ಕೊರತೆಯಾದಾಗ ಈ ಗಿಡ ಹಗಲು ತನ್ನ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಆಮ್ಲವಾಗಿ ಕೂಡಿಡುತ್ತದೆ, ಬಿಸಿಲೇರಿದಂತೆ ಅದನ್ನು ಖರ್ಚು ಮಾಡುತ್ತದೆ. ಆದ್ದರಿಂದ ಮಳೆ ನಾಲ್ಕು ದಿನ ಕೈಕೊಟ್ಟು ನೆಲ ಒಣಗಿದಾಗ ಮುಂಜಾನೆ ಕಿತ್ತ ಸೊಪ್ಪು ಹೆಚ್ಚು ಹುಳಿ, ಸಂಜೆಯದು ಸಪ್ಪೆ. ಆ ತಾಯಿ ಊರಿನಿಂದ ಬರುವುದು ಮೊದಲ ಬಸ್ಸಿಗೆ, ಏಳು ಗಂಟೆಗೆ; ಆ ಹೊತ್ತಿಗೆ ಹೋದರೆ ಬುಟ್ಟಿ ಇನ್ನೂ ಬಿಚ್ಚಿರುವುದಿಲ್ಲ.